ಅಕ್ಕಿ ಮಂಡಕ್ಕಿಯಾಗುವುದು ಭೌತಿಕವೋ ರಾಸಾಯನಿಕವೋ? ಮಗಳ ಉತ್ತರ ತಪ್ಪಂತೆ, ಗೊತ್ತಿದ್ದವರು ಹೇಳಿ

ನಿಟುವಳ್ಳಿ ಅಪ್ಪ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು 7ನೇ ಕ್ಲಾಸು. ಮೊನ್ನೆ ವಿಜ್ಞಾನದ ಟೆಸ್ಟಿನಲ್ಲಿ ಐದು ಉದಾಹರಣೆ ಕೊಟ್ಟು, ಯಾವುದು ಭೌತಿಕ ಬದಲಾವಣೆ, ಯಾವುದು ರಾಸಾಯನಿಕ ಬದಲಾವಣೆ ಅಂತ ಕೇಳಿದ್ದಾರೆ. ಮಂಜುಗಡ್ಡೆ ಕರಗುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಹಾಲು ಮೊಸರಾಗುವುದು, ಉಪ್ಪು ನೀರಿನಲ್ಲಿ ಕರಗುವುದು, ಈ ನಾಲ್ಕೂ ಸರಿ ಬರೆದಿದ್ದಾಳೆ. ಐದನೆಯದು ಅಕ್ಕಿ ಮಂಡಕ್ಕಿಯಾಗುವುದು. ಅದಕ್ಕೆ ಭೌತಿಕ ಅಂತ ಬರೆದು, ಪಕ್ಕದಲ್ಲಿ "ಅಕ್ಕಿಯೇ ಉಬ್ಬಿದೆ, ಬೇರೆ ವಸ್ತು ಆಗಿಲ್ಲ" ಅಂತ ಕಾರಣವನ್ನೂ ಕೊಟ್ಟಿದ್ದಾಳೆ. ಟೀಚರು ಕೆಂಪು ಇಂಕಿನಲ್ಲಿ ತಪ್ಪು ಹಾಕಿ, "ಮಂಡಕ್ಕಿಯನ್ನು ಮತ್ತೆ ಅಕ್ಕಿ ಮಾಡಲಾಗದು, ಹಾಗಾಗಿ ರಾಸಾಯನಿಕ" ಅಂತ ಬರೆದು ಕಳಿಸಿದ್ದಾರೆ.

ಮಗು ಎರಡು ದಿನದಿಂದ ಇದನ್ನೇ ಹಿಡಿದುಕೊಂಡು ಕೂತಿದೆ. "ಅಪ್ಪಾ, ಕಾಗದ ಹರಿದರೂ ವಾಪಸ್ ಮೊದಲಿನ ಹಾಗೆ ಆಗಲ್ಲ. ಆದರೆ ಅದು ಭೌತಿಕ ಅಂತ ಅವರೇ ಹೇಳಿಕೊಟ್ಟಿದ್ದಾರೆ, ಅಲ್ವಾ?" ಅಂತ ಕೇಳುತ್ತಾಳೆ. ನಾನು ಬಿ.ಕಾಂ. ಓದಿದವನು, ನನ್ನ ಹತ್ತಿರ ಉತ್ತರ ಇಲ್ಲ. ಸುಮ್ನೆ ಸಮಾಧಾನ ಮಾಡುವುದಕ್ಕೆ ಏನೋ ಒಂದು ಹೇಳಲು ಮನಸ್ಸಿಲ್ಲ. ಯಾರು ಸರಿ?

ಪಿ.ಜೆ. ಬಡಾವಣೆ ಕುಮಾರ
ಟೀಚರ್ ಸರಿ. ವಾಪಸ್ ಬಂದರೆ ಭೌತಿಕ, ಬರದಿದ್ದರೆ ರಾಸಾಯನಿಕ. ನಮಗೂ ಹಾಗೇ ಹೇಳಿಕೊಟ್ಟಿದ್ದರು.

ಹರಿಹರದ ಶೈಲಾ
ಹಾಗಾದರೆ ತೆಂಗಿನಕಾಯಿ ಒಡೆಯುವುದು ರಾಸಾಯನಿಕವಾ ಕುಮಾರ್ ಅವರೇ? ಅಕ್ಕಿ ಬೀಸಿ ಹಿಟ್ಟು ಮಾಡಿದರೆ? ಹಿಟ್ಟು ವಾಪಸ್ ಕಾಳಾಗುತ್ತಾ?

ಪಿ.ಜೆ. ಬಡಾವಣೆ ಕುಮಾರ
ಅದು ಬೇರೆ. ಅಲ್ಲಿ ಬರೀ ಆಕಾರ ಬದಲಾಗಿದೆ.

ಹರಿಹರದ ಶೈಲಾ
ಮಗು ಹೇಳಿದ್ದೂ ಅದನ್ನೇ ಅಲ್ವಾ!

ಭಟ್ಟಿ ಮನೆ ಹುಡುಗ
ನಮ್ಮ ಮನೆ ಮೂರು ತಲೆಮಾರಿನಿಂದ ಮಂಡಕ್ಕಿ ಭಟ್ಟಿ ಕೆಲಸದಲ್ಲಿದೆ. ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ, ಆಮೇಲೆ ಓದಿದವರು ಮಾತಾಡಿ. "ಅಕ್ಕಿ ಮಂಡಕ್ಕಿಯಾಗುವುದು" ಅಂತ ಒಂದೇ ಮಾತಿನಲ್ಲಿ ಕೇಳಿದ್ದೇ ಸರಿಯಿಲ್ಲ. ಅದು ಒಂದು ಬದಲಾವಣೆ ಅಲ್ಲ, ಐದಾರು ಬದಲಾವಣೆ.

ಮೊದಲು ಭತ್ತ ನೆನೆಹಾಕುತ್ತೇವೆ. ಆಮೇಲೆ ಅದನ್ನು ಬಿಸಿ ಮಾಡಿ ಬೇಯಿಸುತ್ತೇವೆ. ಒಣಗಿಸಿ, ಮಿಲ್ಲಿಗೆ ಹಾಕಿ ಹೊಟ್ಟು ತೆಗೆಸುತ್ತೇವೆ. ಈಗ ಸಿಕ್ಕ ಅಕ್ಕಿ ನೀವು ಅನ್ನ ಮಾಡುವ ಬೆಳ್ತಿಗೆ ಅಕ್ಕಿಯ ಹಾಗಿರಲ್ಲ. ಗಾಜಿನ ಚೂರಿನ ಹಾಗೆ ಗಟ್ಟಿ, ಬೆಳಕಿಗೆ ಹಿಡಿದರೆ ಸ್ವಲ್ಪ ಪಾರದರ್ಶಕ. ಅದಕ್ಕೆ ಉಪ್ಪು ನೀರು ಹಿಡಿಸಿ ಹದ ಮಾಡುತ್ತೇವೆ. ಕೊನೆಗೆ ಕಾದ ಉಸುಕಿಗೆ ಹಾಕಿ ಕೈಯಾಡಿಸಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅರಳುತ್ತದೆ. ತಕ್ಷಣ ಜರಡಿ ಹಿಡಿದು ಉಸುಕು ಬೇರೆ ಮಾಡಬೇಕು. ಎರಡು ಉಸಿರು ತಡವಾದರೂ ಕೆಂಪಗಾಗುತ್ತದೆ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಅನ್ನದ ಅಕ್ಕಿಯನ್ನೇ ಬಿಸಿ ಉಸುಕಿಗೆ ಹಾಕಿ. ಅರಳಲ್ಲ. ಹುರಿದು ಕಂದು ಆಗುತ್ತದೆ ಅಷ್ಟೇ. ಅಂದರೆ ಬೇಯಿಸುವ ಹಂತದಲ್ಲಿ ಅಕ್ಕಿಯ ಒಳಗೆ ಏನೋ ಆಗಿದೆ. ಅದಕ್ಕೆ ಏನು ಹೆಸರು ಅಂತ ನನಗೆ ಗೊತ್ತಿಲ್ಲ. ಉಬ್ಬುವುದು ಮಾತ್ರ ಬರೀ ಹಬೆಯ ಕೆಲಸ.

ಲ್ಯಾಬ್ ಮೇಡಂ
ಭಟ್ಟಿ ಮನೆಯವರು ಅರ್ಧ ಪಾಠ ಮುಗಿಸಿಬಿಟ್ಟಿದ್ದಾರೆ. ನಾನು ಪಿಯುಸಿಗೆ ರಸಾಯನಶಾಸ್ತ್ರ ಹೇಳುತ್ತೇನೆ, ಮಿಕ್ಕಿದ್ದು ಸೇರಿಸುತ್ತೇನೆ.

ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಸ್ತು ಹುಟ್ಟಿತಾ? ಅಣುಗಳು ಮೊದಲಿದ್ದವೇ ಇದ್ದರೆ ಭೌತಿಕ. ಹಳೆಯ ಬಂಧ ಮುರಿದು ಬೇರೆ ಅಣು ಆಗಿದ್ದರೆ ರಾಸಾಯನಿಕ. ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ಗುರುತು ಹಿಡಿಯುವುದಕ್ಕೆ ಒಂದು ಸುಳಿವು ಅಷ್ಟೇ, ಮತ್ತು ಅದು ಬಹಳ ಸಲ ಕೈಕೊಡುತ್ತದೆ.

ಈಗ ಮಂಡಕ್ಕಿ. ಬೇಯಿಸಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಳಗಿನ ಜೋಡಣೆ ಸಡಿಲವಾಗಿ ಅಂಟಾಗುತ್ತವೆ. ಒಣಗಿದಾಗ ಕಾಳು ಗಟ್ಟಿಯಾಗುತ್ತದೆ. ಇಲ್ಲಿ ಪಿಷ್ಟ ಪಿಷ್ಟವೇ. ಜೋಡಣೆ ಬದಲಾಗಿದೆ. ಆಮೇಲೆ ಉಸುಕಿನ ಬಿಸಿಗೆ ಕಾಳಿನೊಳಗೆ ಉಳಿದ ಚೂರು ನೀರು ಹಬೆಯಾಗುತ್ತದೆ. ನೀರು ಹಬೆಯಾದರೆ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಅದೇ ಬಿಸಿಗೆ ಪಿಷ್ಟವೂ ಮೆತ್ತಗಾಗಿರುತ್ತದೆ, ಹಬೆ ಅದನ್ನು ಒಳಗಿಂದ ಊದುತ್ತದೆ. ಹಬೆ ಹೊರಗೆ ಹೋಗಿ ಕಾಳು ತಣ್ಣಗಾದಾಗ ಊದಿದ ಆಕಾರ ಹಾಗೇ ನಿಲ್ಲುತ್ತದೆ. ಉಬ್ಬುವ ಮಟ್ಟಿಗೆ ಇದು ಭೌತಿಕ. ಮಗುವಿನ ಉತ್ತರಕ್ಕೆ ನಾನಾದರೆ ಪೂರ್ತಿ ಮಾರ್ಕು ಕೊಡುತ್ತಿದ್ದೆ, ಅದರಲ್ಲೂ ಅವಳು ಬರೆದ ಕಾರಣಕ್ಕೆ.

ಆದರೆ ಟೀಚರ್ ಹೇಳಿದ್ದರಲ್ಲಿ ಏನೂ ಇಲ್ಲ ಅಂತ ಅಲ್ಲ. ಹುರಿದ ಘಮ ಬರುತ್ತದಲ್ಲ, ಆ ನಸುಗೆಂಪು ಬಣ್ಣ ಬರುತ್ತದಲ್ಲ, ಅದು ಹೊಸ ವಸ್ತು. ಅಕ್ಕಿಯ ಪ್ರೋಟೀನ್ ಮತ್ತು ಸಕ್ಕರೆ ಬಿಸಿಗೆ ಸೇರಿ ಆಗುವ ರಾಸಾಯನಿಕ ಬದಲಾವಣೆ. ಪಿಷ್ಟದ ಉದ್ದ ಸರಪಳಿಗಳೂ ಅಲ್ಲಲ್ಲಿ ತುಂಡಾಗುತ್ತವೆ. ಅವರು ಕೊಟ್ಟ ಕಾರಣ ತಪ್ಪು. "ಘಮ ಬಂದಿದೆ, ಬಣ್ಣ ಬಂದಿದೆ" ಅಂತ ಬರೆದಿದ್ದರೆ ನಾನೂ ಒಪ್ಪುತ್ತಿದ್ದೆ.

ಪಿ.ಜೆ. ಬಡಾವಣೆ ಕುಮಾರ
ಮೇಡಂ, ವಾಪಸ್ ಬರುವ ರಾಸಾಯನಿಕ ಬದಲಾವಣೆ ಅಂತ ಇದೆಯಾ? ಒಂದು ತೋರಿಸಿ, ಒಪ್ಪಿಕೊಳ್ಳುತ್ತೇನೆ.

ಗಾರೆ ಮೇಸ್ತ್ರಿ ಮಗ, ಚಿತ್ರದುರ್ಗ
ನಾನು ತೋರಿಸುತ್ತೇನೆ. ಸುಣ್ಣ.

ನಮ್ಮಪ್ಪ ಹಳೇ ಕಾಲದ ಗಾರೆ ಕೆಲಸದವರು. ಚಿಕ್ಕಂದಿನಲ್ಲಿ ಸುಣ್ಣ ಅರಳಿಸುವಾಗ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಸುರಿದರೆ ಮೊದಲು ಚುಂಯ್ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಕಲ್ಲು ಬಿರಿದು, ಕೆಳಗೆ ಬೆಂಕಿಯೇ ಇಲ್ಲದೆ ನೀರು ಕೊತಕೊತ ಕುದಿಯುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ.

ಲೆಕ್ಕ ನೋಡಿ. 100 ಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದು 18 ಗ್ರಾಂ ನೀರು ಹಿಡಿದುಕೊಂಡು 74 ಗ್ರಾಂ ಅರಳಿದ ಸುಣ್ಣ ಆಗುತ್ತದೆ. ಅದನ್ನು ಗೋಡೆಗೆ ಬಳಿದರೆ ಗಾಳಿಯಿಂದ ಅದೇ 44 ಗ್ರಾಂ ಇಂಗಾಲದ ಡೈಆಕ್ಸೈಡ್ ವಾಪಸ್ ಎಳೆದುಕೊಂಡು, ನೀರು ಬಿಟ್ಟು, ಮತ್ತೆ 100 ಗ್ರಾಂ ಸುಣ್ಣಕಲ್ಲು! ಸುಣ್ಣದ ಗೋಡೆ ವರ್ಷ ಕಳೆದಂತೆ ಗಟ್ಟಿಯಾಗುವುದು ಇದಕ್ಕೇ. ಮೂರೂ ಹಂತ ರಾಸಾಯನಿಕ. ಹೊರಟಲ್ಲಿಗೇ ಬಂದು ನಿಂತಿದೆ. ಈಗ ಹೇಳಿ ಕುಮಾರಣ್ಣ.

ಪಿ.ಜೆ. ಬಡಾವಣೆ ಕುಮಾರ
ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. 7ನೇ ಕ್ಲಾಸಿನ ಮಗುವಿಗೆ ಕಣ್ಣೆದುರು ತೋರಿಸುವುದು ಹೇಗೆ?

ಶೈಲಾ ಅವರ ಅತ್ತೆ
ಸೊಸೆಯ ಫೋನಿನಿಂದ ಬರೆಯುತ್ತಿದ್ದೇನೆ. ಓಕುಳಿ ನೀರು ಮಾಡಿ ತೋರಿಸಿ. ಅರಿಶಿನದ ನೀರಿಗೆ ಚಿಟಿಕೆ ಎಲೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಆರತಿ ತಟ್ಟೆಗೆ ಓಕುಳಿ ಕಲಸುವಾಗ ಯಾರೋ ನಿಂಬೆ ಹಿಂಡಿದ ಕೈ ಅದ್ದಿ ಬಣ್ಣ ಕೆಡಿಸಿದ್ದು ನೆನಪಿದೆ. ಮತ್ತೆ ಸುಣ್ಣ ಹಾಕಿ ಸರಿ ಮಾಡಿದೆವು.

ಲ್ಯಾಬ್ ಮೇಡಂ
ಅಮ್ಮಾ, ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಲ್ಯಾಬಿನಲ್ಲೂ ಇಲ್ಲ. ಅರಿಶಿನದ ಬಣ್ಣದ ಹೆಸರು ಕರ್ಕ್ಯುಮಿನ್. ಸುಣ್ಣದಂಥ ಕ್ಷಾರ ಸೇರಿದರೆ ಅದರಿಂದ ಹೈಡ್ರೋಜನ್ ಕಿತ್ತುಬಂದು ಕೆಂಪಾಗುತ್ತದೆ. ಹುಳಿ ಬಿದ್ದರೆ ಹೈಡ್ರೋಜನ್ ವಾಪಸ್ ಸೇರಿ ಹಳದಿ. ಎರಡೂ ರಾಸಾಯನಿಕ, ಎರಡೂ ಒಂದು ನಿಮಿಷದ ಕೆಲಸ. ಒಂದೇ ಮಾತು: ಕೆಂಪು ನೀರನ್ನು ಬಹಳ ಹೊತ್ತು ಬಿಡಬೇಡಿ. ಕ್ಷಾರದಲ್ಲಿ ಕರ್ಕ್ಯುಮಿನ್ ನಿಧಾನವಾಗಿ ಒಡೆದುಹೋಗುತ್ತದೆ, ಆಮೇಲೆ ಹಳದಿ ಪೂರ್ತಿ ಬರಲ್ಲ.

ಲ್ಯಾಬಿನಲ್ಲಿ ನಾವು ತೋರಿಸುವುದು ಮೈಲುತುತ್ತ. ನೀಲಿ ಹರಳು ಕಾಯಿಸಿದರೆ ನೀರು ಬಿಟ್ಟು ಬಿಳಿ ಪುಡಿ. ನಾಲ್ಕು ಹನಿ ನೀರು ಹಾಕಿದರೆ ಮತ್ತೆ ನೀಲಿ, ಪ್ರನಾಳ ಬೆಚ್ಚಗಾಗುತ್ತದೆ. ಅದು ವಿಷ, ಮನೆಯಲ್ಲಿ ಬೇಡ.

ಚನ್ನಗಿರಿ ತೋಟ
ಅಡಿಕೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹಸಿ ಅಡಿಕೆ ಸುಲಿದು ಹೋಳು ಮಾಡಿ ಸುಮ್ನೆ ಗಾಳಿಗೆ ಇಟ್ಟರೆ ಕೊಯ್ದ ಜಾಗ ಕಂದು ಆಗುತ್ತದೆ. ಬೇಯಿಸಿದ ನೀರು ಕೆಂಪಾಗಿ ಚೊಗರು ಆಗುತ್ತದೆ. ಆ ಚೊಗರಿನಿಂದ ಅಡಿಕೆಗೆ ಬಣ್ಣ ಕಟ್ಟುತ್ತೇವೆ. ಇದರಲ್ಲಿ ಯಾವುದು ಯಾವುದು?

ಲ್ಯಾಬ್ ಮೇಡಂ
ಸುಲಿಯುವುದು, ಹೋಳು ಮಾಡುವುದು, ಒಣಗಿಸುವುದು ಭೌತಿಕ. ಗಾಳಿಗೆ ಕಂದಾಗುವುದು ರಾಸಾಯನಿಕ, ಸೇಬು, ಬದನೆಕಾಯಿ ಕಪ್ಪಾಗುವ ಹಾಗೆ. ಒಗರು ನೀರಿಗೆ ಇಳಿಯುವುದು ಭೌತಿಕ. ಎಲೆ, ಅಡಿಕೆ, ಸುಣ್ಣ ಸೇರಿ ಬಾಯಿ ಕೆಂಪಾಗುವುದು ರಾಸಾಯನಿಕ, ಅಲ್ಲೂ ಸುಣ್ಣದ ಕ್ಷಾರದ್ದೇ ಕೆಲಸ.

ಚಳ್ಳಕೆರೆ ಗಾಣ
ನಮ್ಮೂರ ಲೆಕ್ಕ ಸುಲಭ. ಶೇಂಗಾ ಹಿಂಡಿ ಎಣ್ಣೆ ತೆಗೆದರೆ ಭೌತಿಕ. ಡಬ್ಬಿ ಮುಚ್ಚಳ ತೆಗೆದಿಟ್ಟು ಎಣ್ಣೆ ಕನರು ವಾಸನೆ ಹೊಡೆದರೆ ರಾಸಾಯನಿಕ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಭೌತಿಕ.

ನಿಟುವಳ್ಳಿ ಅಪ್ಪ
ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಮಗಳಿಗೆ ಎಲ್ಲವನ್ನೂ ಓದಿ ಹೇಳುತ್ತಿದ್ದೇನೆ. ಅವಳ ಪ್ರಶ್ನೆ: "ನಮ್ಮ ಅಮ್ಮ ಬೆಣ್ಣೆ ಕಾಯಿಸಿ ತುಪ್ಪ ಮಾಡುವುದು ಯಾವುದು?"

ಹರಿಹರದ ಶೈಲಾ
ಕರಗುವುದು ತಾನೇ? ಭೌತಿಕ.

ದೋಸೆ ಹಂಚು
ಬರೀ ಕರಗಿದರೆ ಅದು ತುಪ್ಪ ಅಲ್ಲ ಅಕ್ಕ, ಕರಗಿದ ಬೆಣ್ಣೆ. ಹೋಟೆಲಿನಲ್ಲಿ ದಿನಾ ಬೆಣ್ಣೆ ಜತೆಗೇ ಬದುಕುವವನು ನಾನು, ಒಂದು ಸಲ ಒಲೆ ಮುಂದೆ ನಿಂತು ಕಿವಿಗೊಟ್ಟು ಕೇಳಿ. ಮೊದಲು ಸದ್ದಿಲ್ಲದೆ ಕರಗುತ್ತದೆ. ಆಮೇಲೆ ಚಟಪಟ ಶುರು. ಬೆಣ್ಣೆಯಲ್ಲಿ ಕೊಬ್ಬು 80 ಭಾಗದ ಮೇಲೆ, ಮಿಕ್ಕಿದ್ದರಲ್ಲಿ ಬಹುಪಾಲು ನೀರು. ಆ ನೀರು ಕುದಿದು ಹೋಗುವ ಸದ್ದು ಅದು. ಅಲ್ಲಿಯವರೆಗೆ ಎಲ್ಲಾ ಭೌತಿಕ. ನೀರು ಮುಗಿದ ಕ್ಷಣ ಸದ್ದು ನಿಲ್ಲುತ್ತದೆ. ಆಗ ಬಿಸಿ ಒಮ್ಮೆಲೇ ಏರುತ್ತದೆ, ತಳದ ಗಸಿ ಹೊಂಬಣ್ಣಕ್ಕೆ ತಿರುಗುತ್ತದೆ, ಘಮ ಏಳುತ್ತದೆ. ಅದು ರಾಸಾಯನಿಕ. ಆ ಘಮ ಬಂದ ಮೇಲೆ ವೀಳ್ಯದೆಲೆ ಹಾಕಿ ಇಳಿಸಬೇಕು, ಇನ್ನೊಂದು ನಿಮಿಷ ಬಿಟ್ಟರೆ ಸೀದು ಕಹಿಯಾಗುತ್ತದೆ.

ಬೆಣ್ಣೆ ದೋಸೆಯೂ ಹಾಗೇ. ಹಿಟ್ಟು ರುಬ್ಬುವುದು ಭೌತಿಕ. ರಾತ್ರಿ ಹುದುಗಿ ಹುಳಿ ಬರುವುದು ರಾಸಾಯನಿಕ. ಹಂಚಿನ ಮೇಲೆ ಬೆಣ್ಣೆ ಕರಗುವುದು ಭೌತಿಕ. ದೋಸೆಯ ಅಡಿ ಕೆಂಪಗೆ ಗರಿಗರಿಯಾಗುವುದು ರಾಸಾಯನಿಕ. ಒಂದು ದೋಸೆಯಲ್ಲಿ ಎರಡೂ ಎಷ್ಟು ಸಲ ಬಂತು ನೋಡಿ.

ಭಟ್ಟಿ ಮನೆ ಹುಡುಗ
ನಮ್ಮ ಭಟ್ಟಿಯಲ್ಲೂ ಅಷ್ಟೇ. ಕೆಳಗೆ ಹೊಟ್ಟು ಉರಿದು ಬೂದಿಯಾಗುವುದು ರಾಸಾಯನಿಕ, ಮೇಲೆ ಕಾಳು ಅರಳುವುದು ಭೌತಿಕ. ನಡುವೆ ಒಂದು ಬಾಣಲೆ ಅಷ್ಟೇ ಅಡ್ಡ.

ಜಗಳೂರು ಮೆಕ್ಕೆಜೋಳ
ಪಾಪ್‌ಕಾರ್ನ್ ಕೂಡ ಮಂಡಕ್ಕಿಯ ತಮ್ಮನೇ. ಕಾಳಿನಲ್ಲಿ ಸುಮಾರು 14 ಭಾಗ ತೇವ ಇರಬೇಕು. ಸಿಪ್ಪೆಯೇ ಕುಕ್ಕರಿನ ಮುಚ್ಚಳ. ಸುಮಾರು 180 ಡಿಗ್ರಿಗೆ ಒತ್ತಡ ತಡೆಯದೆ ಒಡೆಯುತ್ತದೆ. ಸೂಜಿಯಿಂದ ಸಿಪ್ಪೆಗೆ ತೂತು ಮಾಡಿ ಹುರಿಯಿರಿ, ಹಬೆ ಸೋರಿಹೋಗಿ ಸರಿಯಾಗಿ ಅರಳುವುದೇ ಇಲ್ಲ. ಪಂಚಮಿಗೆ ಜೋಳದ ಅಳ್ಳು ಹುರಿಯುವಾಗ ನಮ್ಮಜ್ಜಿ ಜೋಳಕ್ಕೆ ನೀರು ಚಿಮುಕಿಸಿ ಬಟ್ಟೆ ಮುಚ್ಚಿ ಇಡುತ್ತಿದ್ದರು. ಯಾಕೆ ಅಂತ ಈಗ ಅರ್ಥವಾಯಿತು.

ಕೊಂಡಜ್ಜಿ ರಸ್ತೆ
ಸುಮ್ನೆ ಒಂದು ಪ್ರಶ್ನೆ. ಈಗ ಒಳ್ಳೆ ನರ್ಗೀಸ್ ಮಂಡಕ್ಕಿ ಎಲ್ಲಿ ಸಿಗುತ್ತದೆ? ಓದುತ್ತಾ ಬಾಯಲ್ಲಿ ನೀರು ಬಂತು.

ಹರಿಹರದ ಶೈಲಾ
ಮಳೆ ಬರುವಾಗ ಮಿರ್ಚಿ ಜತೆ ಎಲ್ಲಿ ತಿಂದರೂ ಚೆನ್ನಾಗಿರುತ್ತದೆ. ವಿಷಯ ಬಿಟ್ಟು ಹೋಗಬೇಡಿ.

ಹಿರಿಯೂರು ಹುಡುಗ
ಗಾರೆ ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟೆಯೂ ಗಾರೆಯದೇ, 1907ರದ್ದು. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ 2022ರಲ್ಲಿ ಬಿತ್ತು. 89 ವರ್ಷ! ನಮ್ಮ ತಾತ ಕಥೆ ಹೇಳುತ್ತಿದ್ದ ಕೋಡಿಯನ್ನು ನಾನು ಕಣ್ಣಾರೆ ಕಂಡೆ. ಕಟ್ಟೆಯ ಕಲ್ಲು ಮುಟ್ಟಿ ನೋಡಿದೆ, ಹಾಗೇ ನಿಂತಿದೆ.

ಗಾರೆ ಮೇಸ್ತ್ರಿ ಮಗ, ಚಿತ್ರದುರ್ಗ
ನಾನೂ ಆವತ್ತು ಬಂದಿದ್ದೆ. ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಯಿತು, ಆದರೂ ಬೇಜಾರಾಗಲಿಲ್ಲ.

ಭೀಮಸಮುದ್ರ
ತುಕ್ಕಿನ ಬಗ್ಗೆ ಒಂದು ಮಾತು. ತುಕ್ಕು ವಾಪಸ್ ಕಬ್ಬಿಣ ಆಗಲ್ಲ ಅಂತ ಮಕ್ಕಳಿಗೆ ಹೇಳುತ್ತಾರೆ. ನಮ್ಮ ಕಡೆ ಅದಿರಿನ ಲಾರಿ ಓಡಾಡಿ ರಸ್ತೆ ಬದಿಯ ಗಿಡದ ಎಲೆ ಎಲ್ಲಾ ಕೆಂಪು. ಆ ಕೆಂಪು ಏನು? ಕಬ್ಬಿಣ ಮತ್ತು ಆಮ್ಲಜನಕ ಸೇರಿದ್ದು, ತುಕ್ಕಿನ ಅಣ್ಣ. ಊದುಕುಲುಮೆಯಲ್ಲಿ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇದ್ದಿಲು) ಜತೆ ಕಾಯಿಸಿದರೆ ಆಮ್ಲಜನಕ ಹೋಗಿ ಕಬ್ಬಿಣ ಬರುತ್ತದೆ. ಊರಲ್ಲಿರುವ ಸರಳು, ಗೇಟು, ಸೈಕಲ್ ಎಲ್ಲಾ ಹಾಗೆ ಬಂದದ್ದೇ. ವಾಪಸ್ ಬರಲ್ಲ ಅಂತ ಹೇಗೆ ಹೇಳುತ್ತೀರಿ?

ನಿವೃತ್ತ ಮೇಷ್ಟ್ರು
ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಟೀಚರನ್ನು ತಪ್ಪಿತಸ್ಥರ ಹಾಗೆ ನಿಲ್ಲಿಸಬೇಡಿ. 32 ವರ್ಷ ಪಾಠ ಮಾಡಿದ್ದೇನೆ. ರಾತ್ರಿ ಕೂತು ನೂರಾರು ಪೇಪರ್ ತಿದ್ದುವಾಗ ಕೈಯಲ್ಲಿ ಒಂದು ಸುಲಭದ ಅಳತೆಗೋಲು ಬೇಕಾಗುತ್ತದೆ. "ವಾಪಸ್ ಬರುತ್ತಾ" ಅನ್ನುವುದು ಅಂಥ ಅಳತೆಗೋಲು. ನಾನೂ ಅದನ್ನೇ ಹಿಡಿದು ಎಷ್ಟೋ ಮಕ್ಕಳಿಗೆ ತಪ್ಪು ಹಾಕಿರಬಹುದು. ಈಗ ಯೋಚಿಸಿದರೆ ಸಂಕಟವಾಗುತ್ತದೆ.

ನನಗೆ ಒಬ್ಬ ಹುಡುಗ ಕಲಿಸಿದ್ದು ಹೇಳುತ್ತೇನೆ. ಕರ್ಪೂರದ ಪಾಠ ಮಾಡುತ್ತಿದ್ದೆ. "ಸರ್, ನಮ್ಮ ದೇವರ ಮನೆಯಲ್ಲಿ ಡಬ್ಬಿಯಲ್ಲಿಟ್ಟ ಕರ್ಪೂರ ಹಚ್ಚದೇನೇ ಸಣ್ಣದಾಗಿದೆ. ಹಚ್ಚಿದರೂ ಖಾಲಿ, ಹಚ್ಚದಿದ್ದರೂ ಖಾಲಿ. ಎರಡೂ ಒಂದೇನಾ?" ಅಂತ ಎದ್ದು ನಿಂತ. ಎಂಥ ಪ್ರಶ್ನೆ! ಡಬ್ಬಿಯಲ್ಲಿ ಕರ್ಪೂರ ಕರ್ಪೂರವಾಗಿಯೇ ಆವಿಯಾಗುತ್ತದೆ, ಮುಚ್ಚಳಕ್ಕೆ ಮತ್ತೆ ಹರಳಾಗಿ ಅಂಟಿರುತ್ತದೆ. ಹಚ್ಚಿದರೆ ಅದು ಕರ್ಪೂರವಾಗಿ ಉಳಿಯುವುದಿಲ್ಲ, ಇಂಗಾಲದ ಡೈಆಕ್ಸೈಡ್, ನೀರಾವಿ, ಮಸಿ ಆಗುತ್ತದೆ. ಮರುದಿನ ಆ ಡಬ್ಬಿಯನ್ನೇ ತಂದು ತೋರಿಸಿದ. ಅಂದಿನಿಂದ ನಾನು ಪ್ರಶ್ನೆಪತ್ರಿಕೆಯಲ್ಲಿ "ಕಾರಣ ಕೊಡಿ" ಅಂತ ಸೇರಿಸಿ, ಮಾರ್ಕನ್ನು ಕಾರಣಕ್ಕೆ ಇಟ್ಟೆ.

ಹೋಗಿ ಟೀಚರ್ ಹತ್ತಿರ ಮೆಲ್ಲಗೆ ಮಾತಾಡಿ. ಮಗುವನ್ನೂ ಕರೆದುಕೊಂಡು ಹೋಗಿ, ಅವಳೇ ಕೇಳಲಿ.

ಪಿ.ಜೆ. ಬಡಾವಣೆ ಕುಮಾರ
ಹಾಗಾದರೆ ಉಪ್ಪು ಕರಗುವುದೂ ಸಂಶಯವೇ ಅಲ್ವಾ? ಉಪ್ಪಿನ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಬೇರೆ ಬೇರೆಯಾಗಿ ನೀರಿನ ಜತೆ ಸೇರುತ್ತವೆ ಅಂತ ಈಗ ಓದಿದೆ.

ಲ್ಯಾಬ್ ಮೇಡಂ
ಒಳ್ಳೆಯ ಕಡೆ ಕೈ ಇಟ್ಟಿರಿ. ಅದು ಗಡಿ ಮೇಲಿನ ಉದಾಹರಣೆ, ನಮ್ಮಲ್ಲೇ ವಾದ ಇದೆ. ಶಾಲೆಯಲ್ಲಿ ಭೌತಿಕ ಅಂತಲೇ ಕಲಿಸುತ್ತೇವೆ. ಮೊಟ್ಟೆ ಬೇಯುವುದೂ ಅಂಥದ್ದೇ. ಪ್ರೋಟೀನಿನ ಮಡಿಕೆ ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಕೆಲವು ಹೊಸ ಬಂಧಗಳೂ ಆಗುತ್ತವೆ. ರಾಸಾಯನಿಕ ಅಂತ ಹೇಳುತ್ತೇವೆ. ಪ್ರಕೃತಿಯಲ್ಲಿ ಇವೆರಡರ ನಡುವೆ ಗೋಡೆ ಎದ್ದಿಲ್ಲ, ನಾವು ಗೆರೆ ಎಳೆದುಕೊಂಡಿದ್ದೇವೆ.

ನಿಟುವಳ್ಳಿಯವರೇ, ಮಗಳಿಗೆ ಒಂದು ಪರೀಕ್ಷೆ ಹೇಳಿಕೊಡಿ. ಮೆಡಿಕಲ್ ಸ್ಟೋರಿನಲ್ಲಿ ಟಿಂಚರ್ ಅಯೋಡಿನ್ ತನ್ನಿ. ನೀರು ಬೆರೆಸಿ ತೆಳು ಮಾಡಿ, ಅಕ್ಕಿ ಪುಡಿಗೆ ಒಂದು ಹನಿ, ಮಂಡಕ್ಕಿ ಪುಡಿಗೆ ಒಂದು ಹನಿ. ಪಿಷ್ಟ ಇದ್ದರೆ ಕಡು ನೀಲಿ. ಇನ್ನೊಂದಿಷ್ಟು ಮಂಡಕ್ಕಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಕೆಂಪಗೆ ಹುರಿದು ಅದಕ್ಕೂ ಹಾಕಿ ನೋಡಿ.

ನಿಟುವಳ್ಳಿ ಅಪ್ಪ
ಮಾಡಿದೆವು! ಅಡುಗೆಮನೆ ಕಟ್ಟೆ ಮೇಲೆ ಮೂರು ಬಿಳಿ ತಟ್ಟೆ. ಅಕ್ಕಿ ಪುಡಿ ಕಪ್ಪು ಅನ್ನುವಷ್ಟು ನೀಲಿ. ಮಂಡಕ್ಕಿಯೂ ಹಾಗೇ. ಮಗಳು ಕುಣಿದಾಡಿಬಿಟ್ಟಳು, "ಅಪ್ಪಾ, ಇದು ಇನ್ನೂ ಅಕ್ಕಿನೇ" ಅಂತ. ಮೂರನೇ ತಟ್ಟೆ, ಕೆಂಪಗೆ ಹುರಿದದ್ದು, ನೀಲಿಯ ಜತೆಗೆ ಅಲ್ಲಲ್ಲಿ ಕೆಂಪು ಮಿಶ್ರಿತ ಕಂದು ಬಂತು. ಅದನ್ನು ನೋಡಿ ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಮಿಸ್ಸೂ ಸ್ವಲ್ಪ ಸರಿ" ಅಂದಳು.

ಮೇಷ್ಟ್ರೇ, ನೀವು ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಅವಳನ್ನೇ ಮುಂದೆ ಬಿಟ್ಟು ಹೋದೆ. ಟೀಚರ್ ಪೂರ್ತಿ ಕೇಳಿಸಿಕೊಂಡರು. ಮಾರ್ಕಿನ ವಿಷಯ ಇಬ್ಬರೂ ಎತ್ತಲಿಲ್ಲ. ಸೋಮವಾರ ಮೂರೂ ತಟ್ಟೆ ಕ್ಲಾಸಿಗೆ ತಂದು ಎಲ್ಲರಿಗೂ ತೋರಿಸು ಅಂದಿದ್ದಾರೆ.

ಲ್ಯಾಬ್ ಮೇಡಂ
ಬಹಳ ಸಂತೋಷವಾಯಿತು. ಕೆಂಪು ಕಂದು ಬಂದದ್ದು ಪಿಷ್ಟ ತುಂಡಾಗಿ ಆದ ಡೆಕ್ಸ್‌ಟ್ರಿನ್ನಿಗೆ. ಆ ಹೆಸರನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಲಿ, ಯಾರಾದರೂ ಕೇಳೇ ಕೇಳುತ್ತಾರೆ.

ಭಟ್ಟಿ ಮನೆ ಹುಡುಗ
ಅಣ್ಣ, ಭಾನುವಾರ ಸಂಜೆ ಭಟ್ಟಿ ಕಡೆ ಮಗಳನ್ನು ಕರೆದುಕೊಂಡು ಬನ್ನಿ. ಭತ್ತ, ಬೇಯಿಸಿದ ಅಕ್ಕಿ, ಉಪ್ಪು ಹಿಡಿಸಿದ ಅಕ್ಕಿ, ಮಂಡಕ್ಕಿ, ನಾಲ್ಕೂ ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಡುತ್ತೇನೆ. ಬೇಯಿಸಿದ ಅಕ್ಕಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಲು ಹೇಳಿ.

ಶೈಲಾ ಅವರ ಅತ್ತೆ
ತಿನ್ನುವ ಮಂಡಕ್ಕಿ ಬೇರೆ ಚೀಲದಲ್ಲಿ ಹಾಕಿ ಕಳಿಸಿ. ಅಯೋಡಿನ್ ಹಾಕಿದ ತಟ್ಟೆಗೆ ಯಾವ ಮಗುವೂ ಕೈ ಹಾಕದ ಹಾಗೆ ನೋಡಿಕೊಳ್ಳಿ.